ಆಪ್‌ನಲ್ಲಿ ಗ್ರಾಫ್ ಏರುತ್ತಿದೆ, 70ನೇ ಕಿಲೋಮೀಟರಿಗೆ ಕಾಲು ಕೈಕೊಡುತ್ತಿದೆ

ಪ್ರಶ್ನೆ: ನನಗೆ 41 ವರ್ಷ, ಇಡೀ ದಿನ ಕೂತು ಮಾಡುವ ಕೆಲಸ. ನಾಲ್ಕು ತಿಂಗಳಿಂದ ಮನೆಯಲ್ಲಿ ಸ್ಮಾರ್ಟ್ ಟ್ರೇನರ್ (ನಿಂತಲ್ಲೇ ತುಳಿಯಲು ಸೈಕಲ್ ಕೂರಿಸುವ, ಭಾರ ತಾನೇ ಹೊಂದಿಸುವ ಸ್ಟ್ಯಾಂಡ್) ಮೇಲೆ ಸೈಕಲ್ ಕೂರಿಸಿಕೊಂಡು, ಒಂದು ಟ್ರೇನಿಂಗ್ ಆಪ್ ಹೇಳಿದ ಹಾಗೆ ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಮಾಡುತ್ತಿದ್ದೇನೆ. ರ‍್ಯಾಂಪ್ ಟೆಸ್ಟ್‌ನಲ್ಲಿ ಎಫ್‌ಟಿಪಿ ಮೊದಲ ಆರು ವಾರದಲ್ಲಿ 185ರಿಂದ 212 ವ್ಯಾಟ್‌ಗೆ ಏರಿತು, ಆಮೇಲೆ ಅಲ್ಲೇ ನಿಂತಿದೆ. ಆಪ್‌ನ ಫಿಟ್‌ನೆಸ್ ಗ್ರಾಫ್ ಮಾತ್ರ ಏರುತ್ತಲೇ ಇದೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ 100 ಕಿ.ಮೀ. ಹೊರಟರೆ 70ಕ್ಕೆ ಕಾಲು ಸತ್ತುಹೋಗುತ್ತದೆ. ಎರಡು ಬಾಟಲಿ ನೀರು ಒಯ್ಯುತ್ತೇನೆ, ದಾರಿಯಲ್ಲಿ ಏನೂ ತಿನ್ನುವುದಿಲ್ಲ. ಇತ್ತೀಚೆಗೆ ನಿದ್ದೆಯೂ ಸರಿ ಇಲ್ಲ, ಕಳೆದ ಎರಡು ಕಷ್ಟದ ವರ್ಕೌಟ್‌ಗಳನ್ನು ಅರ್ಧಕ್ಕೆ ನಿಲ್ಲಿಸಿದೆ. ಇನ್ನು 12 ವಾರಕ್ಕೆ 160 ಕಿ.ಮೀ. ರೈಡ್ ಇದೆ. ಆಪ್ ಬದಲಿಸಲಾ? ಸೈಕಲ್‌ಗೆ ವ್ಯಾಟ್ ಅಳೆಯುವ ಪವರ್ ಮೀಟರ್ ಹಾಕಿಸಲಾ? ಟೆಸ್ಟ್, ವರ್ಕೌಟ್ ಮತ್ತು ಹೊರಗಿನ ರೈಡ್‌ನ ಸ್ಕ್ರೀನ್‌ಶಾಟ್ ಜೊತೆಗಿದೆ.

ಉತ್ತರ: ಎರಡೂ ಬೇಡ. ಆಪ್ ಬದಲಿಸಿದರೆ ಬಣ್ಣ ಬದಲಾಗುತ್ತದೆ, ಲೆಕ್ಕ ಅದೇ ಇರುತ್ತದೆ. ಝ್ವಿಫ್ಟ್ ಆಟದ ಹಾಗಿರುತ್ತದೆ, ಟ್ರೇನರ್‌ರೋಡ್ ಬರೀ ನೀಲಿ ಬ್ಲಾಕ್ ತೋರಿಸುತ್ತದೆ, ಟ್ರೇನಿಂಗ್‌ಪೀಕ್ಸ್ ಕ್ಯಾಲೆಂಡರ್ ಕೊಡುತ್ತದೆ. ಆದರೆ ಇವೆಲ್ಲದರ ವರ್ಕೌಟ್‌ಗಳು ನಿಂತಿರುವುದು ಎಫ್‌ಟಿಪಿ ಎಂಬ ಒಂದೇ ಸಂಖ್ಯೆಯ ಮೇಲೆ. ಸುಮಾರು ಒಂದು ಗಂಟೆ ಕಾಲ ಕುಸಿಯದೆ ಹಿಡಿದಿಡಬಲ್ಲ ಗರಿಷ್ಠ ಪವರ್ ಅದು. ಆ ಸಂಖ್ಯೆ ನಿಮ್ಮ ವಿಷಯದಲ್ಲಿ ತಪ್ಪಾಗಿದೆ. ಅದೇ ತಪ್ಪು ಸಂಖ್ಯೆಯನ್ನು ಇನ್ನೊಂದು ಆಪ್‌ಗೆ ಕೊಟ್ಟರೆ ಅದೂ ನಿಮ್ಮನ್ನು ಹೀಗೇ ಸುಸ್ತು ಮಾಡುತ್ತದೆ.

ಮೊದಲು ಆ 212 ಎಲ್ಲಿಂದ ಬಂತು ನೋಡೋಣ. ರ‍್ಯಾಂಪ್ ಟೆಸ್ಟ್‌ನಲ್ಲಿ ನಿಮಿಷಕ್ಕೊಮ್ಮೆ ಪವರ್ ಏರುತ್ತಾ ಹೋಗುತ್ತದೆ, ನೀವು ಕೈಚೆಲ್ಲುವ ತನಕ. ಕೊನೆಯಲ್ಲಿ ಸಿಕ್ಕ ಅತಿ ಜಾಸ್ತಿ ಒಂದು ನಿಮಿಷದ ಸರಾಸರಿಯ 75% ತೆಗೆದುಕೊಂಡು ಅದನ್ನೇ ಎಫ್‌ಟಿಪಿ ಅಂತ ಹೇಳುತ್ತದೆ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಆ ಒಂದು ನಿಮಿಷ 283 ವ್ಯಾಟ್ ಇದೆ, ಅದರ 75% ಅಂದರೆ 212. ಲೆಕ್ಕ ಸರಿ. ಆದರೆ ಈ 75% ಅನ್ನುವುದು ಬಹಳ ಜನರನ್ನು ಸೇರಿಸಿ ಕಂಡುಕೊಂಡ ಸರಾಸರಿ. ಚಿಕ್ಕ ಹೊತ್ತು ಜೋರಾಗಿ ತುಳಿಯುವ ತಾಕತ್ತು ಇರುವವರಿಗೆ ಈ ಟೆಸ್ಟ್ ಜಾಸ್ತಿ ತೋರಿಸುತ್ತದೆ. ನಿಧಾನಕ್ಕೆ ಗಂಟೆಗಟ್ಟಲೆ ತುಳಿಯುವವರಿಗೆ ಕಡಿಮೆ ತೋರಿಸುತ್ತದೆ. ನೀವು ಮೊದಲನೇ ಗುಂಪು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ನೀವು ಅರ್ಧಕ್ಕೆ ಬಿಟ್ಟ ವರ್ಕೌಟ್‌ನಲ್ಲೇ ಅದು ಕಾಣುತ್ತದೆ.

ಅದು 20 ನಿಮಿಷದ ಎರಡು ಸುತ್ತು, ಎಫ್‌ಟಿಪಿಯ 95%ನಲ್ಲಿ. ಅಂದರೆ 201 ವ್ಯಾಟ್. ಎಫ್‌ಟಿಪಿ ನಿಜವಾಗಿಯೂ 212 ಆಗಿದ್ದರೆ ಈ ವರ್ಕೌಟ್ ಕಷ್ಟ ಆಗುತ್ತದೆ, ಬೈದುಕೊಂಡು ಮಾಡುತ್ತೀರಿ, ಆದರೆ ಮುಗಿಯುತ್ತದೆ. ನಿಮ್ಮದರಲ್ಲಿ ಮೊದಲ ಸುತ್ತಿನ ಕೊನೆಗೇ ಹೃದಯ ಬಡಿತ 179 ಮುಟ್ಟಿದೆ, ಎರಡನೇ ಸುತ್ತಿನ 11ನೇ ನಿಮಿಷಕ್ಕೆ ನಿಲ್ಲಿಸಿದ್ದೀರಿ. ರ‍್ಯಾಂಪ್ ಟೆಸ್ಟ್‌ನ ತುತ್ತತುದಿಯಲ್ಲಿ ಕಂಡ ಬಡಿತ 188. ಅಂದರೆ ಎಫ್‌ಟಿಪಿಗಿಂತ ಕೆಳಗೆ ಇರಬೇಕಾದ ವರ್ಕೌಟ್‌ನಲ್ಲಿ ನೀವು ಗರಿಷ್ಠದ 95% ಮುಟ್ಟಿಬಿಟ್ಟಿದ್ದೀರಿ. ಒಂದೇ ದಿನ ಹೀಗಾಗಿದ್ದರೆ ನಿದ್ದೆ ಸಾಲಲಿಲ್ಲ, ಸೆಕೆ ಇತ್ತು ಅಂತ ಬಿಡಬಹುದಿತ್ತು. ಮುಂದಿನ ವಾರವೂ ಅದೇ ಕಥೆ. ನನ್ನ ಅಂದಾಜಿನಲ್ಲಿ ನಿಮ್ಮ ಎಫ್‌ಟಿಪಿ 195ರಿಂದ 200ರ ಒಳಗಿದೆ. 197 ಅಂತ ಇಟ್ಟುಕೊಳ್ಳೋಣ.

ಬರೀ 15 ವ್ಯಾಟ್ ವ್ಯತ್ಯಾಸ, ಅದರಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಆಪ್ ನಿಮಗೆ ‘ಸ್ವೀಟ್ ಸ್ಪಾಟ್’ ವರ್ಕೌಟ್ ಕೊಡುತ್ತದೆ ಅಲ್ವಾ, ಅದು ಸಾಮಾನ್ಯವಾಗಿ ಎಫ್‌ಟಿಪಿಯ 88ರಿಂದ 94%. 212ರ ಲೆಕ್ಕದಲ್ಲಿ 187ರಿಂದ 199 ವ್ಯಾಟ್. ಅದನ್ನೇ 197ರಿಂದ ಭಾಗಿಸಿ ನೋಡಿ: 95ರಿಂದ 101%. ಅಂದರೆ ವಾರಕ್ಕೆ ಎರಡು ಬಾರಿ ಮಾಡಿ ಸುಧಾರಿಸಿಕೊಳ್ಳಬಹುದಾದ ವರ್ಕೌಟ್ ಅಂತ ತಿಳಿದು ನೀವು ಮಾಡುತ್ತಿದ್ದದ್ದು ನೇರವಾಗಿ ಥ್ರೆಶೋಲ್ಡ್, ಅಂದರೆ ಎಫ್‌ಟಿಪಿ ಮಟ್ಟದ, ವರ್ಕೌಟ್. ಸುಲಭದ ದಿನದ ಕಥೆ ಇನ್ನೂ ಕೆಟ್ಟದು. ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ಮಾಡಿದ ಝೋನ್‌ಗಳನ್ನೇ, ಅಂದರೆ ಎಷ್ಟು ಜೋರು ಅನ್ನುವುದರ ಮೆಟ್ಟಿಲುಗಳನ್ನೇ, ಹೆಚ್ಚಿನ ಆಪ್‌ಗಳು ಬಳಸುವುದು. ಅದರಲ್ಲಿ ಝೋನ್ 2 ಅಂದರೆ ಎಫ್‌ಟಿಪಿಯ 56ರಿಂದ 75%. ನೀವು ಯಾವಾಗಲೂ ಮೇಲಿನ ಅಂಚಿನಲ್ಲೇ, 159 ವ್ಯಾಟ್‌ನಲ್ಲೇ ತುಳಿದಿದ್ದೀರಿ. 197ರ ಲೆಕ್ಕದಲ್ಲಿ ಅದು 81%, ಅಂದರೆ ಝೋನ್ 3. ನಿಮ್ಮ ವಾರದಲ್ಲಿ ಸುಲಭದ ದಿನ ಅನ್ನುವುದೇ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಕಿತಾಪತಿ ಆಗುತ್ತದೆ. ಆಪ್ ಪ್ರತಿ ರೈಡ್‌ಗೂ ಟಿಎಸ್‌ಎಸ್ ಅಂತ ಒಂದು ಅಂಕ ಕೊಡುತ್ತದೆ. ಎಫ್‌ಟಿಪಿಯಲ್ಲಿ ಸರಿಯಾಗಿ ಒಂದು ಗಂಟೆ ತುಳಿದರೆ 100. ಎಫ್‌ಟಿಪಿಯ ಎಷ್ಟನೇ ಪಾಲಿನಲ್ಲಿ ತುಳಿದಿರಿ ಎಂಬುದರ ವರ್ಗವನ್ನು ಗಂಟೆಯಿಂದ ಗುಣಿಸಿ, ಮತ್ತೆ 100ರಿಂದ ಗುಣಿಸಿದರೆ ಅದೇ ಟಿಎಸ್‌ಎಸ್. 159 ವ್ಯಾಟ್‌ನಲ್ಲಿ ಒಂದು ಗಂಟೆಗೆ 212ರ ಲೆಕ್ಕದಲ್ಲಿ 56 ಬರುತ್ತದೆ, 197ರ ಲೆಕ್ಕದಲ್ಲಿ 65. ಎಫ್‌ಟಿಪಿ ಜಾಸ್ತಿ ಹಾಕಿಕೊಂಡಷ್ಟೂ ಆಪ್‌ಗೆ ನಿಮ್ಮ ದಣಿವು ಕಡಿಮೆ ಕಾಣುತ್ತದೆ. ‘ಇವರಿಗೆ ಇನ್ನೂ ಶಕ್ತಿ ಇದೆ’ ಅಂದುಕೊಂಡು ಮುಂದಿನ ವಾರ ಇನ್ನಷ್ಟು ಹೇರುತ್ತದೆ. ನೀವು ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತಾ ಮಲಗಿರುವುದು ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಆ ಫಿಟ್‌ನೆಸ್ ಗ್ರಾಫ್. ಅದರ ಹಿಂದಿರುವುದು ಸಿಟಿಎಲ್ ಅನ್ನುವ ಲೆಕ್ಕ. ದಿನದಿನದ ಟಿಎಸ್‌ಎಸ್‌ನ ಸರಾಸರಿ ಅದು, 42 ದಿನದ ಕಾಲಮಾನ ಇಟ್ಟುಕೊಂಡು ಇತ್ತೀಚಿನ ದಿನಗಳಿಗೆ ಜಾಸ್ತಿ ತೂಕ ಕೊಟ್ಟು ಮಾಡಿದ್ದು. ಇದನ್ನೇ 7 ದಿನಕ್ಕೆ ಮಾಡಿದರೆ ಎಟಿಎಲ್, ಆಪ್ ಅದನ್ನು ದಣಿವು ಅಂತ ತೋರಿಸುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ‘ಫಾರ್ಮ್’. ಎರಿಕ್ ಬ್ಯಾನಿಸ್ಟರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಮಾದರಿ ಇದರ ಬೇರು. ಒಳ್ಳೆಯ ಉಪಕರಣ, ನಾನೂ ದಿನಾ ನೋಡುತ್ತೇನೆ. ಆದರೆ ಅದು ಎಷ್ಟು ಗಂಟೆ ಓದಿದಿರಿ ಅಂತ ಹೇಳುತ್ತದೆ, ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು ಅಂತ ಹೇಳುವುದಿಲ್ಲ. ನೀವು ಮೈಮೇಲೆ ಹಾಕಿದ ಹೊರೆ ಅಲ್ಲಿ ಕಾಣುತ್ತದೆ, ಆ ಹೊರೆಯನ್ನು ಮೈ ಏನು ಮಾಡಿಕೊಂಡಿತು ಅನ್ನುವುದು ಕಾಣುವುದಿಲ್ಲ. ಹಾಗೇ ನಾಲ್ಕು ದಿನ ಒಂದೊಂದು ಗಂಟೆ ತುಳಿದರೂ, ಒಂದೇ ದಿನ ಒಟ್ಟಿಗೆ ನಾಲ್ಕು ಗಂಟೆ ತುಳಿದರೂ ಆ ಗ್ರಾಫ್‌ಗೆ ಹೆಚ್ಚು ಕಡಿಮೆ ಒಂದೇ. ನಿಮ್ಮ ಕಾಲಿಗೆ ಒಂದೇ ಅಲ್ಲ. ಹಾಗಾಗಿ ಗ್ರಾಫ್ ಏರುವುದು, 70ನೇ ಕಿಲೋಮೀಟರಿಗೆ ಕಾಲು ಸೋಲುವುದು, ಎರಡೂ ಒಟ್ಟಿಗೆ ನಡೆಯಬಹುದು. ನಿಮ್ಮಲ್ಲಿ ಅದೇ ನಡೆಯುತ್ತಿದೆ.

70ಕ್ಕೆ ಯಾಕೆ ಅಂತ ಹೇಳುತ್ತೇನೆ. ಹೊರಗಿನ ರೈಡ್‌ನ ಫೈಲ್‌ನಲ್ಲಿ ಮೊದಲ ಗಂಟೆಯ ಸರಾಸರಿ ಬಡಿತ 161. ಮೂರನೇ ಗಂಟೆಯಲ್ಲಿ 139, ವೇಗವೂ ಬಿದ್ದಿದೆ. ಸೆಕೆಯಿಂದಲೋ ನೀರು ಸಾಲದೆಯೋ ಸೋತಿದ್ದರೆ ಸಾಮಾನ್ಯವಾಗಿ ಬಡಿತ ಮೇಲೇ ಇದ್ದು ವೇಗ ಬೀಳುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ಕಾಲಿನಲ್ಲಿ ಇಂಧನ ಮುಗಿದಿದೆ, ಸ್ನಾಯು ದಣಿದಿದೆ ಅಂತ ಅರ್ಥ ಮಾಡಿಕೊಳ್ಳಬಹುದು. ಗೆಳೆಯರ ಜೊತೆ ಹುರುಪಿನಲ್ಲಿ ಮೊದಲ ಗಂಟೆ ಥ್ರೆಶೋಲ್ಡ್ ಹತ್ತಿರ ತುಳಿದಿರಿ, ಆ ವೇಗದಲ್ಲಿ ಮೈ ಕೊಬ್ಬಿಗಿಂತ ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್) ಅನ್ನೇ ಜಾಸ್ತಿ ಸುಡುತ್ತದೆ, ದಾರಿಯಲ್ಲಿ ಏನೂ ತಿನ್ನಲಿಲ್ಲ, ಮೂರನೇ ಗಂಟೆಗೆ ಕಾಲಿನ ಡಬ್ಬ ಖಾಲಿ.

ಲೆಕ್ಕ ಹಾಕುವುದೂ ಸುಲಭ. 150 ವ್ಯಾಟ್‌ನಲ್ಲಿ ಮೂರು ಗಂಟೆ ತುಳಿದರೆ ಆಗುವ ಕೆಲಸ 1,620 ಕಿಲೋಜೂಲ್. ಮೈಯ ದಕ್ಷತೆ 20ರಿಂದ 25% ಮಾತ್ರ, ಒಂದು ಕಿಲೋಕ್ಯಾಲರಿಗೆ 4.18 ಕಿಲೋಜೂಲ್, ಇವೆರಡೂ ಒಂದಕ್ಕೊಂದು ಸರಿಹೋಗಿಬಿಡುತ್ತವೆ. ಹಾಗಾಗಿ ಆಪ್ ತೋರಿಸುವ ಕಿಲೋಜೂಲ್ ಅನ್ನೇ ಸುಟ್ಟ ಕಿಲೋಕ್ಯಾಲರಿ ಅಂತ ಓದಿಕೊಂಡರೆ ನಡೆಯುತ್ತದೆ. ಸುಮಾರು 1,600. ಇಡೀ ಮೈಯ ಸ್ನಾಯುಗಳಲ್ಲಿ ಇರುವ ಗ್ಲೈಕೋಜನ್ ಸಾಮಾನ್ಯವಾಗಿ 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಇನ್ನೊಂದು 100 ಗ್ರಾಂ. ತೋಳಿನಲ್ಲಿ ಇರುವುದು ಕಾಲಿಗೆ ಬರುವುದಿಲ್ಲ, ಹಾಗಾಗಿ ತುಳಿಯಲು ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಒಂದು ಗಂಟೆಯ ವರ್ಕೌಟ್‌ನಲ್ಲಿ ಈ ಕೊರತೆ ಯಾವತ್ತೂ ಗೊತ್ತಾಗುವುದಿಲ್ಲ, ಅದಕ್ಕೇ ನಾಲ್ಕು ತಿಂಗಳು ಆಪ್ ಇದರ ಬಗ್ಗೆ ಚಕಾರ ಎತ್ತಿಲ್ಲ.

ಎರಡು ಗಂಟೆ ಮೀರುವ ರೈಡ್‌ಗೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ಹಸಿವು ಆಗಲಿ ಅಂತ ಕಾಯಬೇಡಿ, ಮೊದಲ ಅರ್ಧ ಗಂಟೆಯ ಒಳಗೆ ಶುರು ಮಾಡಿ, ಆಮೇಲೆ 20 ನಿಮಿಷಕ್ಕೊಮ್ಮೆ 20 ಗ್ರಾಂ. ಜೆಲ್ ಆದರೂ ಸರಿ, ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿಕೊಂಡರೂ ಸರಿ. ಹೊಟ್ಟೆಗೆ ಇದು ಅಭ್ಯಾಸ ಇಲ್ಲದಿದ್ದರೆ 30–40 ಗ್ರಾಂನಿಂದ ಶುರು ಮಾಡಿ ಏರಿಸಿಕೊಳ್ಳಿ. ಗಂಟೆಗೆ 90 ಗ್ರಾಂ ತನಕ ಹೋಗುವವರು ಗ್ಲೂಕೋಸ್ ಜೊತೆ ಫ್ರಕ್ಟೋಸ್ ಸೇರಿಸಿಕೊಳ್ಳುತ್ತಾರೆ, ಯಾಕೆಂದರೆ ಕರುಳು ಅವೆರಡನ್ನು ಬೇರೆ ಬೇರೆ ದಾರಿಯಲ್ಲಿ ಹೀರುತ್ತದೆ. ನಿಮಗೆ ಸದ್ಯಕ್ಕೆ ಅಷ್ಟು ಬೇಡ. ಆಪ್‌ನಲ್ಲೋ ಸೈಕಲ್ ಕಂಪ್ಯೂಟರ್‌ನಲ್ಲೋ 20 ನಿಮಿಷಕ್ಕೊಮ್ಮೆ ಅಲಾರಂ ಇಡಿ. ಆಪ್‌ನಿಂದ ಆಗುವ ಅತಿ ದೊಡ್ಡ ಉಪಕಾರ ಇದೇ ಇರಬಹುದು, ನಿಜ ಹೇಳುತ್ತೇನೆ.

ಇನ್ನು 12 ವಾರದಲ್ಲಿ ಏನು ಮಾಡಬೇಕು.

ಮೊದಲ ವಾರ ಕಷ್ಟದ ವರ್ಕೌಟ್ ಒಂದೂ ಬೇಡ. ನಿದ್ದೆ ಕೆಟ್ಟಿದೆ, ಎರಡು ವರ್ಕೌಟ್ ಸೋತಿದ್ದೀರಿ, ಇದು ಮೈ ಕೊಡುವ ಸೂಚನೆ. 40–45 ನಿಮಿಷ, 120 ವ್ಯಾಟ್, ಮೂರು ದಿನ, ಅಷ್ಟೇ. ಆಪ್‌ನಲ್ಲಿ ಗ್ರಾಫ್ ಕೆಳಗಿಳಿಯುತ್ತದೆ, ಕೆಲವು ಆಪ್ ‘ನಿಮ್ಮ ಫಿಟ್‌ನೆಸ್ ಕಡಿಮೆಯಾಗುತ್ತಿದೆ’ ಅಂತ ಹೆದರಿಸುತ್ತದೆ. ಹೆದರಬೇಡಿ. ಒಂದು ವಾರದ ವಿರಾಮದಲ್ಲಿ ನೀವು ಕಟ್ಟಿದ್ದು ಎಲ್ಲೂ ಹೋಗುವುದಿಲ್ಲ. ಎರಡು ವಾರ ಹಗುರ ಮಾಡಿದರೂ ಸುಸ್ತು, ನಿದ್ದೆ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶ, ಥೈರಾಯ್ಡ್ ಎಲ್ಲ ನೋಡಲಿ. ತುಳಿಯುವಾಗ ಎದೆ ನೋವು, ತಲೆ ಸುತ್ತು, ಬಡಿತ ತಾಳ ತಪ್ಪಿದ ಅನುಭವ ಆಗಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಹೋಗಿ. ಅಲ್ಲಿಯ ತನಕ ಸೈಕಲ್ ಮುಟ್ಟಬೇಡಿ.

ಎಫ್‌ಟಿಪಿಯನ್ನು ಕೈಯಾರೆ 197ಕ್ಕೆ ಇಳಿಸಿ. ಬೇಜಾರಾಗುತ್ತದೆ, ಗೊತ್ತು. ಬೇಕಾದರೆ ಎರಡನೇ ವಾರದ ಕೊನೆಗೆ 20 ನಿಮಿಷದ ಟೆಸ್ಟ್ ಮಾಡಿ ಖಚಿತ ಮಾಡಿಕೊಳ್ಳಿ: ಚೆನ್ನಾಗಿ ವಾರ್ಮ್ ಅಪ್, 5 ನಿಮಿಷ ಜೋರಾಗಿ, 10 ನಿಮಿಷ ಸುಲಭವಾಗಿ, ಆಮೇಲೆ 20 ನಿಮಿಷ ಎಷ್ಟು ಸಾಧ್ಯವೋ ಅಷ್ಟು, ಬಂದ ಸರಾಸರಿಯ 95%. ಆ ಮೊದಲ 5 ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಈ ಟೆಸ್ಟ್ ಕೂಡ ಸುಳ್ಳು ಹೇಳುತ್ತದೆ. ಒಂದು ಒಳ್ಳೆಯ ದಿನ ಜೋರಾಗಿ ತುಳಿದ ಮೇಲೆ ‘ನಿಮ್ಮ ಎಫ್‌ಟಿಪಿ ಏರಿದೆ, ಒಪ್ಪಿಕೊಳ್ಳುತ್ತೀರಾ?’ ಅಂತ ಆಪ್ ಕೇಳಿದರೆ ಆತುರಪಡಬೇಡಿ. ಮುಂದಿನ ಎರಡು ಕಷ್ಟದ ವರ್ಕೌಟ್ ಆರಾಮಾಗಿ ಮುಗಿದರೆ ಆಗ ಒಪ್ಪಿಕೊಳ್ಳಿ.

ಸೆಟ್ಟಿಂಗ್ಸ್‌ಗೆ ಹೋದಾಗ ಗರಿಷ್ಠ ಹೃದಯ ಬಡಿತವನ್ನೂ ನೋಡಿ. ನಿಮ್ಮದು ಇನ್ನೂ 179 ಅಂತ ಇದೆ. 220ರಲ್ಲಿ ವಯಸ್ಸು ಕಳೆದು ಆಪ್ ತಾನೇ ತುಂಬಿಕೊಂಡಿದ್ದು ಅದು. ಆ ಸೂತ್ರ ಒಬ್ಬೊಬ್ಬರಿಗೆ 10–12 ಬಡಿತ ಆಚೀಚೆ ಆಗುವುದು ಮಾಮೂಲು, ನೀವೇ 188 ಕಂಡಿದ್ದೀರಿ. ಅದನ್ನೇ ಹಾಕಿ. ಬಡಿತ ಅಳೆಯಲು ಎದೆ ಪಟ್ಟಿ ಬಳಸಿ. ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಮಡಚುತ್ತದೆ, ಅಲ್ಲಿ ಕಟ್ಟಿದ ವಾಚ್‌ನ ಬೆಳಕಿನ ಸೆನ್ಸರ್ ಆಗಾಗ ದಾರಿ ತಪ್ಪುತ್ತದೆ. ಪವರ್ ಮೀಟರ್ ಕೇಳಿದಿರಲ್ಲ, ಅದಕ್ಕಿಂತ ಮೊದಲು ಇದು. ರೈಡ್ ದಾಖಲಿಸುವ ಆಪ್ ಸ್ಟ್ರಾವಾ ಪವರ್ ಮೀಟರ್ ಇಲ್ಲದೆಯೂ ಹೊರಗಿನ ರೈಡ್‌ಗೆ ಒಂದು ಅಂದಾಜು ವ್ಯಾಟ್ ತೋರಿಸುತ್ತದೆ, ಗಾಳಿ ಎದುರಿತ್ತೋ, ಇನ್ನೊಬ್ಬರ ಹಿಂದೆ ಮರೆಯಲ್ಲಿ ತುಳಿದಿರೋ ಅದಕ್ಕೆ ತಿಳಿಯುವುದಿಲ್ಲ, ಅದನ್ನು ನಂಬಿಕೊಂಡು ಟ್ರೇನಿಂಗ್ ಮಾಡಬೇಡಿ.

ಎರಡನೇ ವಾರದಿಂದ ಹೀಗೆ: ಮಂಗಳವಾರ ಒಂದು ಕಷ್ಟದ ವರ್ಕೌಟ್, ಬುಧವಾರ ಮತ್ತು ಶುಕ್ರವಾರ ಒಂದೊಂದು ಗಂಟೆ ಸುಲಭ, ಭಾನುವಾರ ಉದ್ದದ ರೈಡ್. ಐದಾರು ವಾರದ ಮೇಲೆ ಮೈ ಒಪ್ಪಿದರೆ ಶುಕ್ರವಾರವನ್ನೂ ಕಷ್ಟದ ದಿನ ಮಾಡಿಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಬೇಡ. ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ದೊಡ್ಡ ಮಟ್ಟದ ಎಂಡ್ಯೂರೆನ್ಸ್ ಕ್ರೀಡಾಪಟುಗಳನ್ನು ನೋಡಿ ಹೇಳಿದ 80–20 ಮಾತು ನೀವೂ ಕೇಳಿರಬಹುದು, ಹತ್ತರಲ್ಲಿ ಎಂಟು ವರ್ಕೌಟ್ ಸುಲಭದ್ದು ಅಂತ. ವಾರಕ್ಕೆ 20 ಗಂಟೆ ತುಳಿಯುವವರ ಲೆಕ್ಕ ಅದು, ಆರು ಗಂಟೆ ತುಳಿಯುವ ನೀವು ಅದನ್ನು ಕ್ಯಾಲ್ಕುಲೇಟರ್ ಹಿಡಿದು ಪಾಲಿಸಬೇಕಿಲ್ಲ. ಸುಲಭದ ದಿನ ಸುಲಭವಾಗಿದ್ದರೆ ಮಾತ್ರ ಕಷ್ಟದ ದಿನ ಕಷ್ಟಪಡಲು ಆಗುತ್ತದೆ ಅನ್ನುವುದನ್ನು ಇಟ್ಟುಕೊಂಡರೆ ಸಾಕು.

ಸುಲಭ ಅಂದರೆ ಎಷ್ಟು? ನಿಮಗೆ 120ರಿಂದ 145 ವ್ಯಾಟ್, ಬಡಿತ 125ರಿಂದ 140. ಸುಮ್ನೆ ಪರೀಕ್ಷೆ ಮಾಡಬೇಕೆಂದರೆ ಫೋನ್‌ನಲ್ಲಿ ಯಾರ ಜೊತೆಗಾದರೂ ಮಾತಾಡಿ ನೋಡಿ. ಉದ್ದದ ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು. ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಆಪ್ ಏನೇ ಬಣ್ಣ ತೋರಿಸಲಿ, ಅದು ಝೋನ್ 2 ಅಲ್ಲ. ‘ಇಷ್ಟು ನಿಧಾನ ತುಳಿದರೆ ಏನು ಉಪಯೋಗ’ ಅಂತ ಅನ್ನಿಸಿಯೇ ಅನ್ನಿಸುತ್ತದೆ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುವುದು, ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುವುದು, ಕೊಬ್ಬನ್ನು ಸುಡುವ ಅಭ್ಯಾಸ ಆಗುವುದು, ಇದಕ್ಕೆಲ್ಲ ಹೊತ್ತು ಬೇಕು, ತಿಂಗಳುಗಳೇ ಬೇಕು. ನಿಮ್ಮ ಮೊದಲ ಆರು ವಾರದ 27 ವ್ಯಾಟ್ ಬೇಗ ಬಂತು, ಯಾಕೆಂದರೆ ಶುರುವಿನಲ್ಲಿ ರಕ್ತದ ಪ್ರಮಾಣ ಬೇಗ ಏರುತ್ತದೆ, ಜೊತೆಗೆ ಟೆಸ್ಟ್ ಮಾಡುವುದು ಹೇಗೆ ಅಂತಲೂ ಕಲಿತಿರುತ್ತೀರಿ. ಆಮೇಲೆ ನಿಧಾನ ಆಗುವುದು ಎಲ್ಲರಿಗೂ ಸಹಜ.

ಭಾನುವಾರದ ರೈಡ್ ಎರಡೂವರೆ ಗಂಟೆಯಿಂದ ಶುರು ಮಾಡಿ, ವಾರಕ್ಕೆ 20–30 ನಿಮಿಷ ಏರಿಸುತ್ತಾ ಹತ್ತನೇ ವಾರಕ್ಕೆ ಐದು ಗಂಟೆ ಮುಟ್ಟಿಸಿ. ಪ್ರತಿ ನಾಲ್ಕನೇ ವಾರ ಒಟ್ಟು ಹೊತ್ತನ್ನು ಸುಮಾರು ಅರ್ಧಕ್ಕೆ ಇಳಿಸಿ. ಗಂಟೆಗೆ 25 ಕಿ.ಮೀ. ಹೋದರೆ 160 ಕಿ.ಮೀ.ಗೆ ಆರೂವರೆ ಗಂಟೆ ಹತ್ತಿರ ಆಗುತ್ತದೆ, ಐದು ಗಂಟೆ ತುಳಿದು ಸರಿಯಾಗಿ ತಿಂದು ಅಭ್ಯಾಸ ಇದ್ದರೆ ಮಿಕ್ಕಿದ್ದು ಆ ದಿನ ಬರುತ್ತದೆ. ಈ ರೈಡ್ ಒಬ್ಬರೇ ಹೋಗಿ, ಇಲ್ಲವೇ ನಿಮಗಿಂತ ನಿಧಾನ ಇರುವವರ ಜೊತೆ ಹೋಗಿ. ಆ ಹುರುಪಿನ ಗೆಳೆಯರು ಮಂಗಳವಾರಕ್ಕೆ ಚೆನ್ನಾಗಿರುತ್ತಾರೆ.

ಕಷ್ಟದ ದಿನದಲ್ಲಿ ಎಫ್‌ಟಿಪಿ ಏರಿಸುವ ಹಟ ಬಿಡಿ, ಅದೇ ವ್ಯಾಟ್ ಅನ್ನು ಎಷ್ಟು ಹೊತ್ತು ಹಿಡಿದಿಡುತ್ತೀರಿ ಅನ್ನುವುದನ್ನು ಏರಿಸಿ. 180 ವ್ಯಾಟ್‌ನಲ್ಲಿ 10 ನಿಮಿಷದ ಮೂರು ಸುತ್ತು, ಮುಂದಿನ ವಾರ 12ರ ಮೂರು, ಆಮೇಲೆ 15ರ ಮೂರು, ಹೊತ್ತು ಸಿಕ್ಕಿದರೆ 20ರ ಮೂರು. ಎಫ್‌ಟಿಪಿ 197 ಅಂತಲೇ ಇರುತ್ತದೆ, ಆಪ್‌ನಲ್ಲಿ ಪಟಾಕಿ ಹಾರುವುದಿಲ್ಲ, ಬ್ಯಾಡ್ಜ್ ಬರುವುದಿಲ್ಲ. ಆದರೆ 30 ನಿಮಿಷ ಇದ್ದ ಕೆಲಸ 60 ನಿಮಿಷ ಆಗಿರುತ್ತದೆ, ದೂರದ ರೈಡ್‌ಗೆ ಬೇಕಿರುವುದು ಇದೇ.

ನಿಜವಾಗಿಯೂ ಸುಧಾರಿಸುತ್ತಿದ್ದೀರಾ ಅಂತ ನೋಡಲು ಒಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ಬೆವರು ಸುರಿಸಿ ಸಾಯಬೇಕಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಟ್ರೇನರ್ ಮೇಲೆ 140 ವ್ಯಾಟ್‌ನಲ್ಲಿ ಎರಡು ಗಂಟೆ ನಿಲ್ಲಿಸದೆ ತುಳಿಯಿರಿ. ಆಮೇಲೆ ಮೊದಲ ಗಂಟೆಯ ಸರಾಸರಿ ಬಡಿತ, ಎರಡನೇ ಗಂಟೆಯ ಸರಾಸರಿ ಬಡಿತ ತೆಗೆದುಕೊಳ್ಳಿ. ಮೊದಲ ಗಂಟೆ 126, ಎರಡನೇ ಗಂಟೆ 137 ಬಂತು ಅಂತ ಇಟ್ಟುಕೊಳ್ಳಿ. 140 ಭಾಗ 126 ಅಂದರೆ 1.11, 140 ಭಾಗ 137 ಅಂದರೆ 1.02. ಒಂದು ಬಡಿತಕ್ಕೆ ಸಿಗುವ ಪವರ್ 8% ಬಿದ್ದಿದೆ. ತಳಪಾಯ ಇನ್ನೂ ಗಟ್ಟಿಯಾಗಿಲ್ಲ. ಎಂಟು ವಾರದ ಮೇಲೆ ಅದೇ 140ಕ್ಕೆ 124 ಮತ್ತು 128 ಬಂದರೆ ಕುಸಿತ 3% ಮಾತ್ರ, 5%ಗಿಂತ ಒಳಗಿದ್ದರೆ ಚೆನ್ನಾಗಿದೆ ಅಂತ ಕೋಚ್‌ಗಳು ಹೇಳುತ್ತಾರೆ. ಆಪ್‌ಗಳಲ್ಲಿ ಇದು ‘ಡಿಕಪ್ಲಿಂಗ್’ ಅಂತ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಫ್ಯಾನ್ ಮಾತ್ರ ಎರಡೂ ಸಲ ಒಂದೇ ವೇಗದಲ್ಲಿ, ಒಂದೇ ಜಾಗದಲ್ಲಿ ಇರಲಿ. ಗಾಳಿ ಇಲ್ಲದ ಕೋಣೆಯಲ್ಲಿ ಬರೀ ಸೆಕೆಗೇ ಬಡಿತ ಹತ್ತು ಹದಿನೈದು ಏರಿಬಿಡುತ್ತದೆ, ಆಗ ನೀವು ಅಳೆದದ್ದು ನಿಮ್ಮ ಕೋಣೆಯನ್ನು.

ಅರ್ಗ್ ಮೋಡ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಟ್ರೇನರ್ ತಾನೇ ಭಾರ ಹೊಂದಿಸಿ ನಿಮ್ಮನ್ನು ಹೇಳಿದ ವ್ಯಾಟ್‌ನಲ್ಲಿ ಹಿಡಿದಿಡುತ್ತದೆ. ಅನುಕೂಲ ನಿಜ. ಆದರೆ ದಣಿದು ಪೆಡಲ್ ವೇಗ ಕಡಿಮೆಯಾದರೆ, ಅದೇ ವ್ಯಾಟ್ ಉಳಿಸಿಕೊಳ್ಳಲು ಅದು ಭಾರ ಏರಿಸುತ್ತದೆ, ನೀವು ಇನ್ನೂ ನಿಧಾನ ಆಗುತ್ತೀರಿ, ಅದು ಇನ್ನೂ ಏರಿಸುತ್ತದೆ, ಕೊನೆಗೆ ಪೆಡಲ್ ಗೋಡೆಗೆ ಸಿಕ್ಕಿಕೊಂಡ ಹಾಗೆ ನಿಂತೇಬಿಡುತ್ತದೆ. ನೀವು 11ನೇ ನಿಮಿಷಕ್ಕೆ ನಿಂತದ್ದೂ ಹೀಗೇ, ಕೊನೆಯ 40 ಸೆಕೆಂಡಿನಲ್ಲಿ ಪೆಡಲ್ ನಿಮಿಷಕ್ಕೆ 84 ಸುತ್ತಿನಿಂದ 51ಕ್ಕೆ ಇಳಿದಿದೆ. ಹಾಗಾದಾಗ ಅರ್ಧ ನಿಮಿಷ ಅರ್ಗ್ ಆಫ್ ಮಾಡಿ, ಕಾಲು ತಿರುಗಿಸಿಕೊಂಡು, ಮತ್ತೆ ಆನ್ ಮಾಡಿ. ಇನ್ನೊಂದು ತೊಂದರೆ ಇದೆ. ಟ್ರೇನರ್ ಹಿಡಿದಿಟ್ಟ ವ್ಯಾಟ್‌ಗೆ ಒಗ್ಗಿದವರಿಗೆ ರಸ್ತೆಯಲ್ಲಿ ತಾವೇ ಹಿಡಿತ ಇಟ್ಟುಕೊಳ್ಳುವುದು ಬರುವುದಿಲ್ಲ. ಸುಲಭದ ದಿನಗಳಲ್ಲಾದರೂ ಅರ್ಗ್ ಇಲ್ಲದೆ, ಗೇರ್ ನೀವೇ ಬದಲಿಸಿಕೊಂಡು ತುಳಿಯಿರಿ.

ವರ್ಕೌಟ್ ಮುಗಿದ ಮೇಲೆ ‘ಹೇಗಿತ್ತು?’ ಅಂತ ಕೆಲವು ಆಪ್ ಕೇಳುತ್ತವೆ, ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಿ. ನಾಲಿಗೆ ಹೊರಗೆ ಬಿದ್ದಿದ್ದರೂ ‘ಮಧ್ಯಮ’ ಅಂತ ಒತ್ತುವವರು ಬಹಳ ಜನ. ಪ್ಲಾನ್ ತಾನೇ ಹೊಂದಿಕೊಳ್ಳುತ್ತದೆ ಅನ್ನುವ ಆಪ್‌ಗೂ ನೀವು ಹೇಳಿದ್ದಷ್ಟೇ ಗೊತ್ತು. ಆಫೀಸಿನ ಒತ್ತಡ, ಮಗುವಿಗೆ ಜ್ವರ, ಎರಡು ರಾತ್ರಿ ನಿದ್ದೆ ಇಲ್ಲ, ಇಂಥದ್ದಿದ್ದರೆ ಆ ದಿನದ ಕಷ್ಟದ ವರ್ಕೌಟ್ ತೆಗೆದು ಸುಲಭದ್ದು ಹಾಕಿಕೊಳ್ಳಿ. ತಪ್ಪಿಹೋದ ವರ್ಕೌಟ್ ಅನ್ನು ಶನಿವಾರಕ್ಕೆ ತುರುಕಬೇಡಿ, ಹೋಯಿತು ಅಂದರೆ ಹೋಯಿತು. ವಿರಾಮದ ದಿನ ಝ್ವಿಫ್ಟ್‌ನಲ್ಲಿ ‘ಸುಮ್ನೆ ಒಂದು ರೇಸ್’ ಅಂತೂ ಖಂಡಿತ ಬೇಡ.

ಮೊಣಕಾಲು ಮುಂದೆ ನೋವು ಬಂದರೆ ಸೀಟು ತಗ್ಗಿರಬಹುದು, ಹಿಂದೆ ಬಂದರೆ ಎತ್ತರ ಇರಬಹುದು, ಮೊದಲು ಅದನ್ನು ನೋಡಿ.

ಕೊನೆಯ ಎರಡು ವಾರ ಹೊತ್ತನ್ನು ಕಡಿಮೆ ಮಾಡುತ್ತಾ ಬನ್ನಿ, ರೈಡ್‌ನ ವಾರಕ್ಕೆ ಅರ್ಧಕ್ಕಿಂತ ಕಡಿಮೆ ಇರಲಿ. ಜೋರಿನ ಸುತ್ತುಗಳನ್ನು ಪೂರ್ತಿ ಬಿಡಬೇಡಿ, ಚಿಕ್ಕದಾಗಿ ಉಳಿಸಿಕೊಳ್ಳಿ, 5 ನಿಮಿಷದ ಎರಡು ಮೂರು ಸಾಕು. ರೈಡ್ ದಿನ ಸ್ಕ್ರೀನ್‌ನಲ್ಲಿ ಬಡಿತ, ಕಳೆದ ಹೊತ್ತು, ತಿನ್ನುವ ಅಲಾರಂ ಮೂರೇ ಇರಲಿ. ಸರಾಸರಿ ವೇಗ ತೆಗೆದುಬಿಡಿ, ಅದನ್ನು ನೋಡಿದರೆ ಕಾಲು ತಾನಾಗಿ ಜೋರಾಗುತ್ತದೆ. ಮೊದಲ ಎರಡು ಗಂಟೆ ಬಡಿತ 145 ದಾಟಬಾರದು, ಏರಿನಲ್ಲಿ 155ರ ತನಕ ಪರವಾಗಿಲ್ಲ, ಗೆಳೆಯರು ಮುಂದೆ ಹೋದರೆ ಹೋಗಲಿ ಬಿಡಿ. ನಾಲ್ಕನೇ ಗಂಟೆಯ ನಂತರ ಮೈ ಚೆನ್ನಾಗಿದ್ದರೆ ನಿಮ್ಮಿಷ್ಟ. ರೈಡ್ ಮುಗಿದ ಮರುದಿನವೇ ಆಪ್ ಹೊಸ ರ‍್ಯಾಂಪ್ ಟೆಸ್ಟ್ ಮುಂದಿಡಬಹುದು, ಹತ್ತು ದಿನ ಮುಂದಕ್ಕೆ ಹಾಕಿ. ಆ ಸಲ ರ‍್ಯಾಂಪ್ ಬೇಡ, 20 ನಿಮಿಷದ್ದೇ ಮಾಡಿ.